ಅಪ್‌ಡೇಟ್: ಅನೊಟೇಷನ್ ಈಗ ರಿಫ್ಲೆಕ್ಷನ್‌ಗೆ ಸಿಗುತ್ತಿದೆ

ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಹೊಸಬರಿಗಾಗಿ ಪ್ರಶ್ನೆ ಮತ್ತೊಮ್ಮೆ: ಬಾಗಲಕೋಟೆಯ ಒಂದು ಇಳಕಲ್ ಸೀರೆ ಅಂಗಡಿಗೆ ಜಾವಾದಲ್ಲಿ ಸ್ಟಾಕ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ‘ಸೀರೆ’ ಕ್ಲಾಸಿನ ಬೆಲೆ, ಅಂಚು, ಸೆರಗು ಫೀಲ್ಡ್‌ಗಳ ಮೇಲೆ ‘ಕಡ್ಡಾಯ’ ಅಂತ ನನ್ನದೇ ಅನೊಟೇಷನ್ (ಕೋಡಿಗೆ ಅಂಟಿಸುವ ಗುರುತು ಚೀಟಿ) ಹಾಕಿದ್ದೆ. ರಿಫ್ಲೆಕ್ಷನ್‌ನಲ್ಲಿ (ಅಂದರೆ ಪ್ರೋಗ್ರಾಂ ಓಡುವಾಗಲೇ ತನ್ನ ಕ್ಲಾಸು, ಫೀಲ್ಡ್‌ಗಳನ್ನು ನೋಡುವ ವಿಧಾನದಲ್ಲಿ) ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಎರರ್ ಕೂಡ ಬರುತ್ತಿರಲಿಲ್ಲ.

ಕಾರಣ ರಿಟೆನ್ಷನ್, ಅಂದರೆ ಅನೊಟೇಷನ್ ಎಲ್ಲಿಯವರೆಗೆ ಉಳಿಯಬೇಕು ಅನ್ನೋ ಸೆಟ್ಟಿಂಗ್. ಏನೂ ಬರೆಯದಿದ್ದರೆ ಜಾವಾ ಅದನ್ನು ‘ಕ್ಲಾಸ್’ ಅಂತಲೇ ಹಿಡಿಯುತ್ತದೆ. ಅಂದರೆ ಅನೊಟೇಷನ್ ಕ್ಲಾಸ್ ಫೈಲಿನಲ್ಲಿ ಇರುತ್ತದೆ, ಆದರೆ ಪ್ರೋಗ್ರಾಂ ಓಡುವಾಗ ರಿಫ್ಲೆಕ್ಷನ್‌ಗೆ ಕಾಣಿಸುವುದಿಲ್ಲ. ಒಬ್ಬ ಸರ್ ಹೇಳಿದಂತೆ ಕ್ಲಾಸ್ ಫೈಲಿನ ಒಳಗೇನಿದೆ ಅಂತ ತೋರಿಸುವ ಜಾವಾಪಿ ಕಮಾಂಡನ್ನು (javap -v) ಕೊಟ್ಟು ನೋಡಿದೆ. ‘ರನ್‌ಟೈಮ್ ಇನ್‌ವಿಸಿಬಲ್ ಅನೊಟೇಷನ್ಸ್’ ಅಂತ ಕಣ್ಣೆದುರೇ ಇತ್ತು! ರಿಟೆನ್ಷನ್ ‘ರನ್‌ಟೈಮ್’ ಮಾಡಿದ ಮೇಲೆ ಅದೇ ಜಾಗದಲ್ಲಿ ‘ವಿಸಿಬಲ್’ ಬಂತು. ಈ ಕಮಾಂಡ್ ಎಲ್ಲರೂ ಒಮ್ಮೆ ಓಡಿಸಿ ನೋಡಬೇಕು, ಓದಿದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ.

ಆಮೇಲೂ ಬೆಲೆ ಮಾತ್ರ ಸಿಗಲಿಲ್ಲ. ಅದು ನಿಜವಾಗಿ ‘ಸೀರೆ’ಯಲ್ಲಲ್ಲ, ‘ಜವಳಿ’ ಅನ್ನೋ ಅದರ ಪೇರೆಂಟ್ ಕ್ಲಾಸಿನಲ್ಲಿರುವ ಪ್ರೈವೇಟ್ ಫೀಲ್ಡ್. ಫೀಲ್ಡ್‌ಗಳ ಪಟ್ಟಿ ಕೊಡುವ ಗೆಟ್‌ಡಿಕ್ಲೇರ್ಡ್‌ಫೀಲ್ಡ್ಸ್ ಮೆಥಡ್ ಆಯಾ ಕ್ಲಾಸಿನದ್ದಷ್ಟೇ ಕೊಡುತ್ತದೆ, ಅಲ್ವಾ? ಗೆಟ್‌ಸೂಪರ್‌ಕ್ಲಾಸ್ ಹಿಡಿದು ಲೂಪಿನಲ್ಲಿ ಮೇಲಕ್ಕೆ ಹೋದೆ, ಸಿಕ್ಕಿತು.

ಸೆಟ್‌ಆಕ್ಸೆಸಿಬಲ್ (ಪ್ರೈವೇಟ್ ಫೀಲ್ಡ್ ಓದಲು ಬಿಡುವ ಮೆಥಡ್) ಹೊಸ ಜಾವಾದಲ್ಲಿ ತೊಂದರೆ ಕೊಡಬಹುದು ಅಂತ ಎಚ್ಚರಿಸಿದ ಅಕ್ಕನಿಗೆ: ಜಾವಾ 17ರಲ್ಲೇ ಓಡಿಸಿದೆ, ನಮ್ಮದೇ ಕ್ಲಾಸುಗಳಿಗೆ ತೊಂದರೆ ಇಲ್ಲ. ಜಾವಾದ ಒಳಗಿನ ಕ್ಲಾಸುಗಳಿಗೆ ಕೈ ಹಾಕಿದರೆ ಮಾತ್ರ ಬಿಡುವುದಿಲ್ಲ.

ಈಗ ಫೀಲ್ಡ್‌ಗಳ ಪಟ್ಟಿಯನ್ನು ಪ್ರತಿ ಸೀರೆಗೂ ಹೊಸದಾಗಿ ಹುಡುಕದೆ, ಒಮ್ಮೆ ತೆಗೆದು ಮ್ಯಾಪಿನಲ್ಲಿ ಇಟ್ಟುಕೊಳ್ಳುತ್ತಿದ್ದೇನೆ.