ಜಲಾಂತರ್ಗಾಮಿ ‘ಮುಳುಗಿತು’ ಅಂದರೆ ಹೋಯಿತೋ, ಇದೆಯೋ?

ಗೆಳೆಯರೇ,

ಮೂರು ದಿನದಿಂದ ಒಂದೇ ಒಂದು ಕ್ರಿಯಾಪದದ ಜೊತೆ ಒದ್ದಾಡುತ್ತಿದ್ದೇನೆ. ಅದು ‘ಮುಳುಗು’.

ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಯು-505ರ ಕತೆಯನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. 1941ರ ಆಗಸ್ಟಿನಲ್ಲಿ ನೌಕಾಪಡೆ ಸೇರಿ, ಒಟ್ಟು 8 ಹಡಗು ಹೊಡೆದ ದೋಣಿ. (76 ಮೀಟರ್ ಉದ್ದದ್ದಕ್ಕೆ ‘ದೋಣಿ’ ಅನ್ನುವುದು ತಮಾಷೆ ಅನ್ನಿಸಬಹುದು. ಆದರೆ ‘ಯು’ ಅಂದರೆ ಜರ್ಮನ್‌ನಲ್ಲಿ ‘ನೀರಡಿಯ ದೋಣಿ’ಯೇ.) ಕರಡಿನಲ್ಲಿ ಒಂದು ಕಡೆ ‘ವಿಮಾನ ಕಂಡ ಕೂಡಲೇ ಮುಳುಗಿತು’ ಎಂದು ಬರೆದು, ಮುಂದಿನ ಸಾಲಿನಲ್ಲಿ ಬೇಟೆ ಮುಂದುವರಿಸಿದ್ದೆ. ಮಗಳು ಓದಿ ಕೇಳಿದಳು: ‘ಮುಳುಗೋಯ್ತಲ್ಲಪ್ಪ, ಮತ್ತೆ ಹೆಂಗೆ ಬಂತು?’

ಅವಳದು ತಪ್ಪಲ್ಲ. ಸೂರ್ಯ ಮುಳುಗಿದ ಅಂದರೆ ಯಾರೂ ಗಾಬರಿಯಾಗುವುದಿಲ್ಲ, ನಾಳೆ ಬರ್ತಾನೆ. ಕೆರೆಯಲ್ಲಿ ನೀರುಕಾಗೆ ಮುಳುಗಿದರೂ ಅಷ್ಟೇ, ಎಲ್ಲಿ ಏಳುತ್ತೆ ಅಂತ ನೋಡುತ್ತಾ ನಿಲ್ಲುತ್ತೇವೆ. ಹಡಗು ಮುಳುಗಿತು, ಬ್ಯಾಂಕ್ ಮುಳುಗಿತು ಅಂದರೆ ಮಾತ್ರ ಕತೆ ಮುಗಿಯಿತು. ಅಂದರೆ ಅರ್ಥ ಇರುವುದು ಕ್ರಿಯಾಪದದಲ್ಲಲ್ಲ, ಮುಳುಗುವವರು ಯಾರು ಅನ್ನುವುದರಲ್ಲಿ. ಸಬ್‌ಮರೀನ್ ಅರ್ಧ ಹಡಗು, ಅರ್ಧ ನೀರುಕಾಗೆ. ಅಲ್ಲೇ ಎಡವಟ್ಟು. ಜರ್ಮನ್ನರಿಗೆ ಈ ತಲೆನೋವಿಲ್ಲ, ಅವರಲ್ಲಿ ಬೇಕೆಂದೇ ನೀರಿಗಿಳಿಯುವ ‘ಟೌಖೆನ್’ ಬೇರೆ, ಮುಳುಗಿಹೋಗುವ ‘ಜಿಂಕೆನ್’ ಬೇರೆ.

ಇನ್ನೊಂದು ಸಾಲು ನೋಡಿ. 1943ರ ಅಕ್ಟೋಬರಿನಲ್ಲಿ ದೋಣಿ ನೀರಡಿಯಲ್ಲಿದ್ದು ಮೇಲಿನಿಂದ ಸಿಡಿಗುಂಡುಗಳು (ನೀರೊಳಗೆ ಸಿಡಿಯುವ ಬಾಂಬು) ಬೀಳುತ್ತಿದ್ದಾಗ ಇದರ ಕ್ಯಾಪ್ಟನ್ ಪೀಟರ್ ಚೆಕ್ ತನಗೆ ತಾನೇ ಗುಂಡು ಹೊಡೆದುಕೊಂಡ. ‘ದೋಣಿ ಮುಳುಗಿದ್ದಾಗ ಕ್ಯಾಪ್ಟನ್ ಸತ್ತ’ ಎಂದು ಬರೆದರೆ ಎಲ್ಲರೂ ಒಟ್ಟಿಗೆ ಹೋದರು ಅನ್ನಿಸುತ್ತದೆ. ಅಸಲಿಗೆ ಅವನ ಕೈಕೆಳಗಿನ ಅಧಿಕಾರಿ ದೋಣಿಯನ್ನು ಉಳಿಸಿ ವಾಪಸ್ ತಂದ.

ಸದ್ಯಕ್ಕೆ ನಾನು ಮಾಡಿಕೊಂಡ ದಾರಿ ಇದು. ಬೇಕೆಂದೇ ಕೆಳಗಿಳಿದರೆ ‘ಮುಳುಗು ಹಾಕಿತು’. ನಾಶವಾದರೆ ‘ಮುಳುಗಿಹೋಯಿತು’. ಆ ‘ಹೋಯಿತು’ ಒಂದು ಸೇರಿದರೆ ಸಾಕು, ಇನ್ನು ಬರುವುದಿಲ್ಲ ಅಂತ ತಿಳಿಯುತ್ತದೆ. ಆದರೆ ‘ಮುಳುಗು ಹಾಕಿತು’ ಅಂದಾಗ ಕಾವೇರಿ ಸ್ನಾನಘಟ್ಟ ಕಣ್ಣಿಗೆ ಬಂದುಬಿಡುತ್ತದೆ ಅನ್ನುವುದು ನನ್ನ ತಕರಾರು. ಯುದ್ಧದ ಕತೆಯಲ್ಲಿ ಅದು ಓದುಗರಿಗೆ ನಗು ತರಿಸುತ್ತದಾ?

ನಿಜವಾದ ಕಷ್ಟ 1944ರ ಜೂನ್ 4ರದ್ದು. ಪಶ್ಚಿಮ ಆಫ್ರಿಕಾದ ಆಚೆ ಅಮೆರಿಕನ್ನರು ಸಿಡಿಗುಂಡು ಹಾಕಿ ಇದನ್ನು ಮೇಲೆಬ್ಬಿಸಿದರು. ಶತ್ರುವಿನ ಕೈಗೆ ಸಿಗಬಾರದೆಂದು ಜರ್ಮನ್ನರು ಸಮುದ್ರದ ನೀರು ಬರುವ ಕೊಳವೆಯ ಮುಚ್ಚಳ ತೆಗೆದು ಹೊರಗೆ ಹಾರಿಕೊಂಡರು. ಎಂಜಿನ್ ನಿಲ್ಲಿಸಿರಲಿಲ್ಲ, ಚುಕ್ಕಾಣಿ ಸಿಕ್ಕಿಹಾಕಿಕೊಂಡಿತ್ತು. ಖಾಲಿ ದೋಣಿ ಸುಮ್ನೆ ಸುತ್ತು ಹೊಡೆಯುತ್ತಿತ್ತು. ಅಮೆರಿಕನ್ ನಾವಿಕರು ಒಳಗಿಳಿದು, ಮುಚ್ಚಳ ಹುಡುಕಿ ಮತ್ತೆ ಹಾಕಿ, ಬರ್ಮುಡಾಕ್ಕೆ ಎಳೆದೊಯ್ದರು. ಸುದ್ದಿಯನ್ನು ಗುಟ್ಟಾಗಿಟ್ಟರು. ಜರ್ಮನಿಯವರ ಲೆಕ್ಕದಲ್ಲಿ ದೋಣಿ ‘ಮುಳುಗಿಹೋಯಿತು’. ಅದು ಈಗ ಶಿಕಾಗೋದ ಮ್ಯೂಸಿಯಂನಲ್ಲಿ, ಒಣನೆಲದ ಮೇಲೆ ಕೂತಿದೆ.

ತಮ್ಮ ದೋಣಿಯನ್ನು ತಾವೇ ಬೇಕೆಂದು ಮುಳುಗಿಸುವ ಈ ಕೆಲಸಕ್ಕೆ ಏನನ್ನೋಣ? ‘ಮುಳುಗಿಸಿದರು’ ಅಂದರೆ ಶತ್ರು ಮುಳುಗಿಸಿದ ಹಾಗಿದೆ. ‘ಮುಳುಗಿಸಿಕೊಂಡರು’ ಅಂದರೆ ಚೀಟಿಗೆ ದುಡ್ಡು ಹಾಕಿ ಕಳೆದುಕೊಂಡವರ ನೆನಪಾಗುತ್ತದೆ, ಬೇಕೆಂದು ಮಾಡಿದ್ದು ಅನ್ನಿಸುವುದಿಲ್ಲ. ‘ತಾವೇ ಮುಳುಗಿಸಿದರು’ ಸರಿ, ಆದರೆ ಹತ್ತು ಸಲ ಬಂದರೆ ಬೇಜಾರು.

ಕಾರವಾರ, ಮಲ್ಪೆ ಕಡೆಯವರು ಯಾರಾದರೂ ಇದ್ದರೆ ಹೇಳಿ. ಹಳೇ ದೋಣಿಯನ್ನು ಬೇಕೆಂದೇ ನೀರಿಗೆ ಬಿಟ್ಟುಬಿಡುವುದಕ್ಕೆ ನಿಮ್ಮಲ್ಲಿ ಮಾತಿದೆಯಾ?