ಮುರಿದ ಮೂಳೆಗೆ ಎರಡನೆಯ ಸಲ ಹಾಕಿದ ಕಾಸ್ಟ್‌ಗೆ ಬಿಲ್ ಮಾಡಬಹುದೇ?

ಪ್ರಶ್ನೆ (ಹೆಬ್ಬಾಳ, ಮೈಸೂರು):
ಅಮೆರಿಕದ ಮೂಳೆ ಕ್ಲಿನಿಕ್ ಒಂದರ ಚಾರ್ಟ್‌ಗಳಿಗೆ ಕೋಡ್ ಹಾಕುವ, ಅಂದರೆ ಬಿಲ್ಲಿಗಾಗಿ ಪ್ರತಿ ಚಿಕಿತ್ಸೆಗೂ ಅದರ ಸಂಖ್ಯೆ ಬರೆಯುವ ಕೆಲಸ ನನ್ನದು. 10 ವರ್ಷದ ಹುಡುಗ, ಬಲ ಕಣಕಾಲಿನ ಹೊರಮೂಳೆಯಲ್ಲಿ ಬಿರುಕು. ಮೂಳೆ ಸರಿದಿಲ್ಲವೆಂದು ವೈದ್ಯರು ಎಳೆದು ಕೂರಿಸದೆ ಮೊಣಕಾಲಿನ ಕೆಳಗೆ ಕಾಸ್ಟ್ (ಮೂಳೆ ಅಲುಗದಂತೆ ಹಿಡಿಯುವ ಗಟ್ಟಿ ಕಟ್ಟು) ಹಾಕಿದ್ದಾರೆ. ಎಳೆದು ಕೂರಿಸದ ಈ ಮುರಿತದ ಚಿಕಿತ್ಸೆಯ ಕೋಡ್ 27786 ಬಿಲ್ ಆಗಿದೆ. ಮೂರು ವಾರದ ನಂತರ ಅದನ್ನು ತೆಗೆದು, ಕಾಲೂರಿ ನಡೆಯಬಹುದಾದ ಫೈಬರ್‌ಗ್ಲಾಸ್ ಕಾಸ್ಟ್ ಹಾಕಿದರು. 90 ದಿನದೊಳಗಿನದೆಲ್ಲ ಮೊದಲ ಬಿಲ್ಲಿನಲ್ಲೇ ಸೇರಿತು ಎನ್ನುತ್ತಾರೆ ನಮ್ಮ ತಂಡದ ಹಿರಿಯರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಮಾಡಿದ ಕೆಲಸಕ್ಕೆ ಹಣ ಸಲ್ಲಬೇಡವೇ?

ಉತ್ತರ (ಕುವೆಂಪುನಗರ):
ನಿಮ್ಮ ಅನುಮಾನ ನ್ಯಾಯವಾದದ್ದೇ ಮೇಡಂ. ಮುರಿತದ ಕೋಡಿನೊಳಗೆ ಸೇರುವುದು ಮೊದಲ ಕಾಸ್ಟ್ ಮಾತ್ರ. ಬದಲಿಸಿದ್ದಕ್ಕೆ 29425 (ಮೊಣಕಾಲಿನ ಕೆಳಗಿನ, ನಡೆಯುವ ಬಗೆಯ ಕಾಸ್ಟ್), ಜೊತೆಗೆ ಸಾಮಾನ್ಯವಾಗಿ ಮಾಡಿಫೈಯರ್ 58 (ಮೊದಲ ಚಿಕಿತ್ಸೆಗೆ ಸಂಬಂಧಿಸಿದ ಮುಂದಿನ ಹಂತವೆಂದು ಕೋಡಿಗೆ ಸೇರಿಸುವ ಗುರುತು), ಬಲಗಾಲಿಗೆ ಆರ್‌ಟಿ. ನಡೆಯುವ ಬಗೆಯಲ್ಲದಿದ್ದರೆ 29405. ಆದರೆ ವೈದ್ಯರ ಟಿಪ್ಪಣಿಯನ್ನು ಮತ್ತೊಮ್ಮೆ ಓದಿ. "ಕಾಸ್ಟ್ ಬದಲಿಸಲಾಯಿತು" ಎಂದಷ್ಟೇ ಇದ್ದರೆ ಕ್ಲೇಮ್ ನಿಲ್ಲುವುದಿಲ್ಲ. ಮೊಣಕಾಲಿನ ಕೆಳಗೋ ಮೇಲೋ, ನಡೆಯುವ ಬಗೆಯೋ ಅಲ್ಲವೋ, ಬದಲಿಸಿದ್ದೇಕೆ, ಎಲ್ಲವೂ ಕಾಣಬೇಕು. ಊಹಿಸಿ ಹಾಕಲೇಬೇಡಿ, ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಹಳೆಯದನ್ನು ಕತ್ತರಿಸಿ ತೆಗೆದದ್ದಕ್ಕೆ ಪ್ರತ್ಯೇಕ ಬಿಲ್ ಇಲ್ಲ. ಬೇರೆಯವರು ಹಾಕಿದ್ದನ್ನು ತೆಗೆದಾಗ ಮಾತ್ರ ಕಾಸ್ಟ್ ತೆಗೆಯುವ ಕೋಡುಗಳು.

ಉತ್ತರ (ಮಂಡ್ಯ):
ಸಾಮಗ್ರಿಯನ್ನು ಮರೆಯಬೇಡಿ. ಫೈಬರ್‌ಗ್ಲಾಸ್ ಕ್ಲಿನಿಕ್ಕಿನದೇ ಆಗಿದ್ದರೆ ಅದಕ್ಕೆ ಮಕ್ಕಳ ಸಾಮಗ್ರಿಯ ಕೋಡ್ ಕ್ಯೂ4040. ಹುಡುಗನಿಗೆ 11 ತುಂಬಿದ್ದರೆ ಕ್ಯೂ4038 ಆಗುತ್ತಿತ್ತು. ಜನ್ಮದಿನಾಂಕ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
"ಬಾವು ಇಳಿದು ಕಾಸ್ಟ್ ಸಡಿಲವಾಗಿದೆ" ಎಂದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿದೆ, ನಡೆಯುವ ಬಗೆಯೆಂದೂ ಇದೆ. ಇಂದಿನ ರಾತ್ರಿ ಪಾಳಿಯಲ್ಲೇ ಹಿರಿಯರ ಮುಂದಿಡುತ್ತೇನೆ. ಇಬ್ಬರಿಗೂ ಧನ್ಯವಾದ.