ದೀಪಾವಳಿ ಪಟಾಕಿಗೆ ನಾಯಿ ತುಂಬಾ ಹೆದರುತ್ತೆ, ಈಗಿಂದ ಏನು ಮಾಡ್ಕೋಬೇಕು?

ಕರಿಯನ ಅಮ್ಮ, ಬೆಂಗಳೂರು:
ಎಲ್ರಿಗೂ ನಮಸ್ಕಾರ. ನಮ್ಮನೇಲಿ ಬೀದಿ ನಾಯಿ ಮರಿ ಒಂದನ್ನ ಸಾಕ್ಕೊಂಡಿದೀವಿ, ಹೆಸ್ರು ಕರಿಯ, ಇನ್ನೇನು ವರ್ಷ ತುಂಬುತ್ತೆ. ಗಣೇಶನ ಮೆರವಣಿಗೇಲಿ ನಮ್ಮ ಮನೆ ಮುಂದೇನೇ ಸರ ಪಟಾಕಿ ಹಚ್ಚಿದ್ರು, ಅವತ್ತಿಂದ ಕುಕ್ಕರ್ ವಿಷಲ್‌ಗೂ ನಡುಗ್ತಾನೆ, ಬಾತ್‌ರೂಮಲ್ಲಿ ಕಮೋಡ್ ಹಿಂದೆ ಸೇರ್ಕೊಂಡ್ರೆ ಅರ್ಧ ರಾತ್ರಿ ಆದ್ರೂ ಈಚೆ ಬರಲ್ಲ, ಊಟ ಮುಟ್ಟಲ್ಲ, ಜೊಲ್ಲು ಸುರೀತಾನೇ ಇರುತ್ತೆ. ದೀಪಾವಳಿಗೆ ಇನ್ನು ಮೂರ್ನಾಲ್ಕು ವಾರ ಅಷ್ಟೇ. ನಮ್ಮತ್ತೆ "ಎತ್ಕೊಂಡು ಮುದ್ದು ಮಾಡ್ಬೇಡ, ಇನ್ನೂ ಜಾಸ್ತಿ ಹೆದರೋದು ಕಲೀತಾನೆ" ಅಂತಾರೆ, ಪಕ್ಕದ ಮನೆಯವ್ರು ನಿದ್ದೆ ಮಾತ್ರೆ ಅರ್ಧ ಕೊಟ್ಬಿಡಿ ಅಂತಾರೆ. ಯಾವ್ದು ಸರಿ? ಪಾಡ್ಯಕ್ಕೆ ಸಾಗರದ ಹತ್ರ ನಮ್ಮೂರಿಗೆ ಬೇರೆ ಹೋಗ್ಬೇಕು, ಅವನನ್ನ ಕರ್ಕೊಂಡು ಹೋಗೋದಾ ಬೇಡ್ವಾ ಅದೂ ಗೊತ್ತಾಗ್ತಿಲ್ಲ.

ಪಶುವೈದ್ಯೆ, ಮೈಸೂರು:
ಮಾತ್ರೆ ವಿಷಯ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಹಬ್ಬದ ಹಿಂದಿನ ದಿನ ನಮಗೆ ಬರೋ ಫೋನೆಲ್ಲಾ ಇದಕ್ಕೇ. ಮನುಷ್ಯರ ನಿದ್ದೆ ಮಾತ್ರೆ ನಿಮ್ಮ ಅಂದಾಜಲ್ಲಿ ಕೊಡ್ಲೇಬೇಡಿ. ನಾಯಿಗೆ ಹಿಂದಿನಿಂದ ಕೊಡ್ತಿದ್ದ ಅಸೆಪ್ರೊಮಜೀನ್ ಅನ್ನೋ ಮಂಪರು ಔಷಧಿ ಇದೆಯಲ್ಲ, ಅದೊಂದನ್ನೇ ಕೊಟ್ರೆ ಮೈ ಸೋಲುತ್ತೆ ಹೊರತು ಭಯ ಹೋಗಲ್ಲ, ನೋಡೋರಿಗೆ ಪಾಪ ಮಲಗಿದೆ ಅನ್ಸುತ್ತೆ, ಅದಕ್ಕೆ ಎಲ್ಲಾ ಕೇಳಿಸ್ತಾ ಇರುತ್ತೆ, ಓಡೋಕೂ ಆಗಲ್ಲ. ಭಯಾನೇ ಕಮ್ಮಿ ಮಾಡೋ ಔಷಧಿ ಬೇರೆ ಇವೆ, ಟ್ರಾಜೊಡೋನ್, ಗ್ಯಾಬಪೆಂಟಿನ್ ಥರದ್ದು, ಆದ್ರೆ ಪರೀಕ್ಷೆ ಮಾಡಿ ತೂಕ ನೋಡಿ ಡಾಕ್ಟರೇ ಬರ್ಕೊಡ್ಬೇಕು, ಹಬ್ಬಕ್ಕೆ ಮುಂಚೆ ಒಂದು ಸಲ ಕೊಟ್ಟು ಹೇಗಿರ್ತಾನೆ ಅಂತ ನೋಡ್ಕೋಬೇಕು, ಆ ದಿನ ಸದ್ದು ಶುರುವಾಗೋಕ್ಕಿಂತ ಮುಂಚೇನೇ ಕೊಡ್ಬೇಕು. ಕರಿಯ ಊಟ ಬಿಡ್ತಾನೆ, ಜೊಲ್ಲು ಸುರಿಸ್ತಾನೆ ಅಂದ್ರೆ ಅದು ಸಣ್ಣ ಹೆದರಿಕೆ ಅಲ್ಲ, ಈ ವಾರವೇ ತೋರಿಸಿ.

ಮುದ್ದು ಮಾಡಿದ್ರೆ ಭಯ ಜಾಸ್ತಿ ಆಗುತ್ತೆ ಅನ್ನೋದು ನಿಜ ಅಲ್ಲ. ಅವನು ಹಟಕ್ಕೆ ನಡುಗ್ತಿಲ್ಲವಲ್ಲ. ಹತ್ರ ಬಂದ್ರೆ ಧಾರಾಳವಾಗಿ ತಬ್ಕೊಳ್ಳಿ, ಕಮೋಡ್ ಹಿಂದೆ ಹೋದ್ರೆ ಮಾತ್ರ ಎಳೀಬೇಡಿ. ಆ ಜಾಗ ಅವನೇ ಹುಡುಕ್ಕೊಂಡಿರೋದು. ಅಲ್ಲೇ ಕಂಬಳಿ ಹಾಸಿ, ನೀವು ಉಟ್ಟು ಬಿಟ್ಟ ಬಟ್ಟೆ ಒಂದು ಹಾಕಿ, ನೀರಿಡಿ, ಫಿನಾಯಿಲ್ ಆಸಿಡ್ ಬಾಟಲಿ ಎಲ್ಲಾ ಎತ್ತಿಡಿ, ಸಂಜೆಯಿಂದ ಫ್ಯಾನು ಟಿವಿ ಜೋರಾಗೇ ಓಡ್ತಿರ್ಲಿ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗೆ ಕೇಳಿದ್ರೆ ನಾಯಿಗೆ ಸುಮಾರು 45,000 ತನಕ ಕೇಳುತ್ತೆ, ಬೆಕ್ಕಿಗೆ ಇನ್ನೂ ಮೇಲೆ, ಹಾಗಾಗಿ ರಾಕೆಟ್ ಸುಯ್ ಅನ್ನೋದೂ ಅವಕ್ಕೆ ಹಿಂಸೆನೇ. ಡಾಕ್ಟರಿಗೆ ತೋರಿಸಿದ ಮೇಲೆ ಅವ್ರು ಸರಿ ಅಂದ್ರೆ ದಿನಾ ಐದು ನಿಮಿಷ ಮೊಬೈಲಲ್ಲಿ ಪಟಾಕಿ ಸದ್ದನ್ನ ಕೇಳಿಸೀತೋ ಇಲ್ವೋ ಅನ್ನೋಷ್ಟು ಸಣ್ಣಗೆ ಹಾಕಿ ಚಿಕನ್ ಚೂರು ತಿನ್ನಿಸ್ತಾ ಬನ್ನಿ, ತಿನ್ನೋದು ನಿಲ್ಲಿಸಿದ್ರೆ ಸದ್ದು ಆಫ್ ಮಾಡಿ. ಈ ಹಬ್ಬಕ್ಕೆ ಪೂರ್ತಿ ಸರಿಹೋಗಲ್ಲ, ಆದ್ರೆ ಮುಂದಿನ ವರ್ಷಕ್ಕೆ ಇದೇ ಬುನಾದಿ.

ಹುಬ್ಬಳ್ಳಿ ಹುಡುಗ:
ಅಕ್ಕಾರ, ಮೊದ್ಲ ಅವನ ಕೊಳ್ಳಾಗ ಫೋನ್ ನಂಬರ್ ಇರೋ ಬಿಲ್ಲೆ ಹಾಕ್ರಿ. ಹಬ್ಬದ ಮರುದಿನ ನಮ್ಮ ಗ್ರೂಪಿನ್ಯಾಗ ಬರೋದೆಲ್ಲಾ ಕಳಕೊಂಡ ನಾಯಿ ಫೋಟೋನ. ವಾಕಿಂಗ್ ಕತ್ತಲಾಗೂಕಿಂತ ಮೊದ್ಲ ಮುಗಸ್ರಿ, ಬರೇ ಕೊಳ್ಳಪಟ್ಟಿ ನಂಬಬ್ಯಾಡ್ರಿ, ಹೆದರಿದ ನಾಯಿ ತಲಿ ಹಿಂದ ಜಗ್ಗಿ ಪಾರಾಗಿಬಿಡ್ತದ, ಎದಿಗೆ ಹಾಕೋ ಹಾರ್ನೆಸ್ ಇರಬೇಕು.

ಮನಿ ನಾಯಿಗೆ ನೀವಾದ್ರೂ ಇರ್ತೀರಿ, ಓಣ್ಯಾಗಿನ ನಾಯಿಗೋಳಿಗೆ ಯಾರದಾರ್ರಿ? ಅವಕ್ಕ ಮಧ್ಯಾಹ್ನನ ಊಟ ಹಾಕಿ, ಪಾರ್ಕಿಂಗಿನ್ಯಾಗ ಇಲ್ಲಾ ಪಾವಟಿಗಿ ಕೆಳಗ ಗೋಣಿಚೀಲ ಹಾಸಿ ಗೇಟ್ ಸ್ವಲ್ಪ ತೆರದಿಡ್ರಿ. ಬೆಳಿಗ್ಗೆ ಎದ್ದ ಕೂಡ್ಲೆ ಮನಿ ಮುಂದಿನ ಕಸಾ ಗುಡಿಸಿ ತಗೀರಿ, ಸುರ್‌ಸುರ್ ಬತ್ತಿ ತಂತಿ ಕಾಲಾಗ ಚುಚ್ಚತಾವ, ಹಾರದ ಉಳದ ಪಟಾಕಿ ಮದ್ದು ನೆಕ್ಕಿದ್ರ ವಿಷಾನ, ದನಗಳೂ ಆ ಕಾಗದ ತಿಂತಾವ. ಮತ್ತ ನಾಯಿ ಬಾಲಕ್ಕ ಸರ ಕಟ್ಟೋದು ಕಂಡ್ರ ಸುಮ್ನಿರಬ್ಯಾಡ್ರಿ, 1960ರಿಂದ ಪ್ರಾಣಿ ಹಿಂಸೆ ತಡೆ ಕಾಯ್ದೆ ಅದ, ಪ್ರಾಣಿ ಸತ್ರ ಇಲ್ಲಾ ಊನ ಆದ್ರ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 325ನೇ ಕಲಮಿನ್ಯಾಗ ಐದು ವರ್ಷದ ತನಕ ಜೈಲು ಆಗಬಹುದು. ವಿಡಿಯೋ ಮಾಡಿಕೊಂಡು 112ಕ್ಕ ಫೋನ್ ಹಚ್ರಿ.

ಎರಡು ಮಕ್ಕಳ ಅಪ್ಪ:
ನಮ್ಮನೇಲಿ ಬೆಕ್ಕೂ ಇದೆ, ಪಟಾಕಿ ಅಂದ್ರೆ ಜೀವ ಬಿಡೋ ಮಕ್ಳೂ ಇದಾರೆ. ಪಟಾಕಿನೇ ಬೇಡ ಅಂದ್ರೆ ಮಕ್ಳಿಗೆ ಬೇಜಾರಾಗುತ್ತೆ, ಹಾಗಾಗಿ ಹೂಕುಂಡ, ಭೂಚಕ್ರ, ಸುರ್‌ಸುರ್ ಬತ್ತಿ ಅಷ್ಟೇ ತರ್ತೀವಿ, ಲಕ್ಷ್ಮಿ ಪಟಾಕಿ, ಆಟಂ ಬಾಂಬ್ ತರಲ್ಲ. ಸುಪ್ರೀಂ ಕೋರ್ಟ್ 2018ರಲ್ಲೇ ದೀಪಾವಳಿಗೆ ರಾತ್ರಿ 8ರಿಂದ 10 ಮಾತ್ರ ಅಂತ ಹೇಳಿದೆ, ಸರ ಪಟಾಕಿನ ನಿಷೇಧಿಸಿದೆ. ಹಸಿರು ಪಟಾಕಿ ಅಂದ್ರೆ ಸದ್ದೇ ಬರಲ್ಲ ಅಂದ್ಕೋಬೇಡಿ, ಹೊಗೆ ಕಮ್ಮಿ, ಸದ್ದು ಇದ್ದೇ ಇರುತ್ತೆ. ನಿಮ್ಮ ರಸ್ತೆಯವ್ರ ವಾಟ್ಸಾಪ್ ಗ್ರೂಪಲ್ಲಿ ಈಗ್ಲೇ ಕೇಳಿ, ಎಲ್ರೂ ರಸ್ತೆ ಕೊನೇಲೋ ಖಾಲಿ ಸೈಟಲ್ಲೋ ಹಚ್ಚೋಣ, ಹತ್ತಕ್ಕೆ ನಿಲ್ಲಿಸೋಣ ಅಂತ. ಹಬ್ಬದ ದಿನ ಹೋಗಿ ಕೇಳಿದ್ರೆ ಜಗಳ ಆಗುತ್ತೆ, ಮುಂಚೆ ಕೇಳಿದ್ರೆ ಜನ ಒಪ್ತಾರೆ.

ತೀರ್ಥಹಳ್ಳಿ ಕಡೆಯವ:
ಊರಿಗೆ ಕರ್ಕೊಂಡೇ ಬನ್ನಿ ಮಾರಾಯ್ರೆ, ಬೆಂಗ್ಳೂರಷ್ಟು ಸದ್ದು ಇಲ್ಲಿರಲ್ಲ. ಆದ್ರೆ ಗುರ್ತಿಲ್ಲದ ಜಾಗ, ಒಂದು ಸಲ ಬೆದರಿ ತೋಟಕ್ಕೆ ಇಳಿದ್ರೆ ಹುಡುಕೋದು ಕಷ್ಟ, ಬಿಡ್ಲೇಬೇಡಿ. ರಾತ್ರಿ ಅಂಗಳದಲ್ಲೋ ಹೊರಜಗುಲೀಲೋ ಕಟ್ಬೇಡಿ, ಚಿರತೆ ಬರೋ ಊರುಗಳು ಇವು, ಒಳಗೇ ಮಲಗಿಸ್ಕೊಳ್ಳಿ.

ಒಂದು ಮಾತು, ನಿಮ್ಮೂರಲ್ಲಿ ಕೊಟ್ಟಿಗೆ ಇದ್ರೆ ಆ ದನಗಳನ್ನೂ ನೋಡ್ಕೊಳ್ಳಿ. ಗೋಪೂಜೆ ದಿನ ಮೀಯಿಸಿ, ಕೊಂಬಿಗೆ ಬಣ್ಣ ಹಚ್ಚಿ, ಚೆಂಡು ಹೂವಿನ ಸರ ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡ್ತೀವಿ, ಆಮೇಲೆ ಅದೇ ದನದ ಪಕ್ಕ ಪಟಾಕಿ ಹಚ್ಚೋರೂ ಇದಾರೆ, ನನಗೆ ಅದನ್ನ ನೋಡೋಕಾಗಲ್ಲ. ಬೆದರಿದ ಹಸು ಸೊರ ಬಿಡಲ್ಲ, ಅಂದ್ರೆ ಹಾಲು ಇಳಿಸಲ್ಲ, ಗಬ್ಬದ ದನ ಜಾರಿ ಬಿದ್ರೆ ಕರು ಹೋಗ್ಬಹುದು. ಕುತ್ತಿಗೆ ಹಗ್ಗ ಎಳೆದಷ್ಟೂ ಬಿಗಿಯೋ ಕುಣಿಕೆ ಆಗಿರ್ಬಾರ್ದು. ಹುಲ್ಲಿನ ಗೊಣಬೆ ಇರೋ ಕಡೆ ರಾಕೆಟ್ ಬಿಡೋದು ಬೇಡವೇ ಬೇಡ. ಪೆಟ್ಟಾದ್ರೆ 1962ಕ್ಕೆ ಫೋನ್ ಮಾಡಿ, ಸರ್ಕಾರದ ಪಶು ಆಂಬ್ಯುಲೆನ್ಸ್ ನಂಬರ್. ತಮಿಳುನಾಡಿನ ಶಿವಗಂಗಾ ಜಿಲ್ಲೇಲಿ ಕೊಳ್ಳುಕುಡಿಪಟ್ಟಿ ಅಂತ ಒಂದು ಊರಿದೆ, ವೇಟ್ಟಂಗುಡಿ ಪಕ್ಷಿಧಾಮದ ಪಕ್ಕ, ಹಕ್ಕಿ ಹೆದರ್ತಾವೆ ಅಂತ ಎಷ್ಟೋ ದಶಕದಿಂದ ಆ ಊರವ್ರು ದೀಪಾವಳಿಗೆ ಪಟಾಕಿ ಹಚ್ಚಲ್ಲ. ಒಂದು ಊರಿಗೆ ಆಗುತ್ತೆ ಅಂದ್ರೆ ಒಂದು ಕೇರಿಗೂ ಆಗ್ಬೇಕಲ್ವಾ.

ಕರಿಯನ ಅಮ್ಮ:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಅತ್ತೆಗೂ ಓದಿ ಹೇಳಿದೆ. ಶನಿವಾರ ಡಾಕ್ಟರಿಗೆ ತೋರಿಸ್ತೀವಿ, ಬಿಲ್ಲೆಗೆ ಹೇಳಾಯ್ತು. ಮೇಡಂ, ಕಾರಲ್ಲಿ ಅವನಿಗೆ ವಾಂತಿ ಆಗುತ್ತೆ, ಸಾಗರದವರೆಗೆ ಹೇಗೆ?

ಪಶುವೈದ್ಯೆ, ಮೈಸೂರು:
ಹೊರಡೋ ಮುಂಚೆ ಮೂರ್ನಾಲ್ಕು ಗಂಟೆ ಊಟ ಬೇಡ, ನೀರು ಕೊಡಿ, ದಾರೀಲಿ ನಿಲ್ಲಿಸಿದಾಗೆಲ್ಲ ಬಾಗಿಲು ತೆಗೆಯೋಕೆ ಮುಂಚೆ ಹಗ್ಗ ಕೈಲಿರ್ಲಿ. ವಾಂತಿ ವಿಷಯ ಶನಿವಾರ ಡಾಕ್ಟರಿಗೂ ಹೇಳಿ, ಅದಕ್ಕೂ ಔಷಧಿ ಇದೆ, ಎರಡನ್ನೂ ಒಟ್ಟಿಗೆ ಕೊಡಬಹುದಾ ಅಂತ ಅವ್ರೇ ನೋಡಿ ಹೇಳ್ತಾರೆ.